ಕೆಂಪು ದಾರ ಕಟ್ಟಿದ ವೈರು

ಫೋನಿನಲ್ಲಿ ಶಶಿಧರ್ ಎಂಬಾತ ಮೊದಲು ತೆಲುಗಿನಲ್ಲಿ ಶುರುಮಾಡಿ, ನನ್ನ ಉತ್ತರ ಕೇಳಿದ ಮೇಲೆ ಕನ್ನಡಕ್ಕೆ ಹೊರಳಿದ. ಅವನಿಗೆ ಬೇಕಾಗಿದ್ದದ್ದು ಒಂದೇ ಸಂಗತಿ.

"ಆಟೋಮ್ಯಾಟಿಕ್ ಗಾಡಿ ಗೇರು ಡಿ-ನಲ್ಲಿದ್ದಾಗ ಕೀ ತಿರುಗಿಸಿದ್ರೆ ಸ್ಟಾರ್ಟ್ ಆಗ್ತೈತಾ ಸಾರ್?"

"ಆಗಂಗಿಲ್ರಿ. ಪಿ-ದಾಗ, ಅಂದ್ರ ಪಾರ್ಕಿಂಗ್‌ದಾಗ, ಇಲ್ಲಾ ಎನ್-ದಾಗ, ಅಂದ್ರ ನ್ಯೂಟ್ರಲ್‌ದಾಗ, ಇದ್ರಷ್ಟ ಅಕ್ಕೈತಿ. ಗೇರು ಎಲ್ಲೈತಿ ಅಂತ ನೋಡಾಕ ಒಂದು ಸ್ವಿಚ್ ಇರ್ತೈತ್ರಿ. ಡಿ-ದಾಗ, ಅಂದ್ರ ಗಾಡಿ ಮುಂದಕ್ಕ ಹೋಗೋ ಗೇರಿನ್ಯಾಗ, ಇದ್ರ ಅದು ಕರೆಂಟ್ ಬಿಡಂಗಿಲ್ಲ."

"ಅದನ್ನೇ ನೀವು ನಮ್ಮನೇಗೆ ಬಂದು, ಮೀಟ್ರು ಇಟ್ಟು, ಎಲ್ಲರ ಮುಂದೆ ಹೇಳ್ಬೇಕು."

"ಯಾಕ್ರಿ, ಗಾಡಿ ಸ್ಟಾರ್ಟ್ ಆಗವಲ್ದಾ?"

"ಗಾಡಿ ಸರಿಯಾಗೇ ಐತೆ," ಎಂದ. "ಸರಿಯಾಗೈತೆ ಅಂತ ಹೇಳೋಕೇ ನಿಮ್ಮನ್ನ ಕರೀತಿರೋದು."

ನಾನು ರಾಯದುರ್ಗದಲ್ಲಿ ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುವವನು. ಅನಂತಪುರದಲ್ಲಿ ಫಿಸಿಕ್ಸ್ ಓದಿ ಎರಡು ವರ್ಷ ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳಿದ್ದೆ. ಹಾಗಾಗಿ ಗಿರಾಕಿಗಳು ಇವತ್ತಿಗೂ ಪಾಲಯ್ಯ ಮೇಷ್ಟ್ರು ಎನ್ನುತ್ತಾರೆ. ಮಡಕಶಿರದ ಹಳ್ಳಿಗಳ ಕಡೆ ಆಟೋಮ್ಯಾಟಿಕ್ ಗಾಡಿ ಬಿಚ್ಚುವವರು ಇರಲಿಲ್ಲ. ಯಾರೋ ನನ್ನ ನಂಬರು ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಕರೆಂಟು ಅಳೆಯುವ ಮೀಟರಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಇನ್ನೊಂದು ಬಸ್ಸು, ಮುಂದೆ ಮತ್ತೊಂದು. ಹೇಮಾವತಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಶಶಿಧರ್ ಬೈಕ್ ತಂದಿದ್ದ. ಮೂವತ್ತೈದರ ಆಸುಪಾಸು, ಗಡ್ಡ ಬಿಟ್ಟಿದ್ದ. ದಾರಿಯುದ್ದಕ್ಕೂ ಹಿಂದೆ ತಿರುಗದೆ, ಗಾಳಿಯೊಳಗೇ ಎಲ್ಲವನ್ನೂ ಹೇಳಿದ.

ಹತ್ತೊಂಬತ್ತು ದಿನಗಳ ಹಿಂದೆ ಅವರ ಮನೆಗೆ ಸೆಕೆಂಡ್ ಹ್ಯಾಂಡ್ ಕಾರು ಬಂತು. ಹೇಮಾವತಿ ಸಿದ್ದೇಶ್ವರನ ಗುಡಿಯಲ್ಲಿ ಪೂಜೆ ಮಾಡಿಸಿ ಮನೆಗೆ ತಂದರು. ಆದರೆ ಅವರ ವಂಶದಲ್ಲಿ ಗುಡಿಯ ಪೂಜೆಯಷ್ಟೇ ಸಾಲದು. ಹೊಸ ಎತ್ತನ್ನು ಮೊದಲ ಸಲ ನೊಗಕ್ಕೆ ಕಟ್ಟುವಾಗ ಮನೆಯ ಹಿರಿಯ ಅಂಗೈಗೆ ಅರಿಸಿನ ಹಚ್ಚಿಕೊಂಡು ಅದರ ಹಣೆಯ ಮೇಲೆ ಊರುತ್ತಾನೆ. ಎತ್ತು ಮೊದಲ ಹೆಜ್ಜೆ ಇಡುವವರೆಗೆ ಕೈ ತೆಗೆಯುವಂತಿಲ್ಲ. ಮುಂದೆ ಟ್ರ್ಯಾಕ್ಟರು ಬಂದಾಗಲೂ ಹಾಗೇ ಮಾಡಿದರು. ಕಾರಿಗೂ ಹಾಗೇ. ಶಶಿಧರನ ತಂದೆ ದೊಡ್ಡರಂಗಪ್ಪ ಬಾನೆಟ್ಟಿನ ಮೇಲೆ ಅಂಗೈ ಊರಿ ಮುಂದೆ ನಿಂತರು. ಮನೆಯಂಗಳದಲ್ಲಿ ಮೊದಲ ಕೀ ತಿರುಗಿಸುವುದು ಮನೆಯ ಲಕ್ಷ್ಮಿಯ ಕೈಯಿಂದ ಆಗಬೇಕೆಂದು ಸೊಸೆಯನ್ನು, ಶಶಿಧರನ ಹೆಂಡತಿ ಶಿವಲಕ್ಷ್ಮಿಯನ್ನು, ಸ್ಟೇರಿಂಗಿನ ಮುಂದೆ ಕೂರಿಸಿದರು. ಮಾಮೂಲಿ ಗೇರಿನ ಕಾರಿನಲ್ಲಿ ಅವಳು ಡ್ರೈವಿಂಗ್ ಕಲಿತಿದ್ದಳು. ಕೀ ತಿರುಗಿತು, ಗಾಡಿ ನುಗ್ಗಿತು. ದೊಡ್ಡರಂಗಪ್ಪ ಗಾಡಿಗೂ ಹಿಪ್ಪುನೇರಳೆ ಸೊಪ್ಪಿನ ಕೊಟ್ಟಿಗೆಯ ಕಲ್ಲುಕಂಬಕ್ಕೂ ನಡುವೆ ಸಿಕ್ಕಿಬಿದ್ದರು. ಸೊಂಟದ ಮೂಳೆ, ಬಲತೊಡೆ ಎರಡೂ ಮುರಿದವು.

"ನಿಂಬೆಹಣ್ಣು ಒಂದೇ ಉಸಿರಿಗೆ ತುಳೀಲಿ ಅಂತ ಮೊದಲೇ ಡಿ-ಗೆ ಹಾಕಿದ್ದೆ, ಆಮೇಲೆ ಕೀ ತಿರುಗಿಸ್ದೆ ಅಂತಾಳೆ. ಡಿ-ನಲ್ಲಿ ಸ್ಟಾರ್ಟೇ ಆಗಲ್ವಲ್ಲ ಸಾರ್? ಗಾಡಿ ಜೊತೆ ಬಂದ ಬುಕ್ಕಲ್ಲೇ ಬರ್ದೈತೆ. ಅಂದ್ರೆ ಸ್ಟಾರ್ಟ್ ಆದ್ಮೇಲೆ ಗೇರು ಹಾಕವ್ಳೆ. ಎದುರಿಗೆ ಅಪ್ಪ ನಿಂತಿರೋದು ನೋಡ್ಕೊಂಡೇ ಹಾಕವ್ಳೆ."

"ಬೇಕಂತ ಹಾಕ್ಯಾಳಂತೀರೇನ್ರಿ?"

ಬೈಕು ಒಂದು ಹಳ್ಳ ಇಳಿದು ಹತ್ತಿತು. "ಆ ವಾರ ಅಪ್ಪನಿಗೂ ಅವಳಿಗೂ ಮಾತಿಗೆ ಮಾತು ಬೆಳೆದಿತ್ತು. ಮಗೂನ ಹಾಸ್ಟೆಲ್ಲಿಗೆ ಹಾಕೋ ವಿಚಾರ. ನಾನೇನೂ ಹೇಳಲ್ಲ. ಮನೇಲಿ ಎಲ್ರೂ ಹೇಳ್ತವ್ರೆ."

ಮನೆ ತೋಟದಲ್ಲೇ ಇತ್ತು. ಅಂಗಳದ ಜಗಲಿಯ ಮೇಲೆ ಒಂದು ಕಪ್ಪು ಬ್ಯಾಗು, ಜಿಪ್ಪು ಎಳೆದು ಸಿದ್ಧವಾಗಿ ಕೂತಿತ್ತು. ಅದರ ಪಕ್ಕದಲ್ಲಿ ಎಲೆಅಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ ಮುದುಕಿ ದೊಡ್ಡರಂಗಪ್ಪನವರ ಅಕ್ಕ. ಊರಿಗೆಲ್ಲ ದೊಡ್ಡಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಯ ಯಜಮಾನಿಕೆ ಇವರದೇ ಎಂದು ಶಶಿಧರ್ ದಾರಿಯಲ್ಲೇ ಎಚ್ಚರಿಸಿದ್ದ.

"ಬಾಪ್ಪ ಮೇಷ್ಟ್ರೇ. ಉಂಡು ಕೆಲಸ ಮಾಡ್ತೀಯೋ, ಕೆಲಸ ಮಾಡಿ ಉಣ್ತೀಯೋ?"

"ಕೆಲಸ ಮುಗೀಲ್ರಿ ದೊಡ್ಡಮ್ಮ."

"ನಿಮ್ಮ ಸೀಮೇರು ಬೈಯುವಾಗ್ಲೂ ರೀ ಹಚ್ಚೇ ಬೈತಾರಂತೆ, ಹೌದಾ?"

"ಬೈಸ್ಕೊಂಡೋರಿಗೆ ನೋವಾಗಬಾರ್ದು ನೋಡ್ರಿ."

ಅವರು ನಗಲಿಲ್ಲ. ಎಲೆಯ ತೊಟ್ಟು ಮುರಿದು ಅಂಗಳಕ್ಕೆ ಎಸೆದರು. "ಸಂಜೆ ಶಿವಲಕ್ಷ್ಮಿ ಅಣ್ಣ ಹರೀಶ ಬತ್ತಾನೆ. ಸ್ವಿಚ್ಚು ಕೆಟ್ಟಿದ್ರೆ ಇವಳು ಇಲ್ಲೇ ಇರ್ತಾಳೆ, ನಾನೇ ಇವಳ ಕೈ ಹಿಡಿದು ತಪ್ಪಾಯ್ತು ಅಂತೀನಿ. ಸ್ವಿಚ್ಚು ಸರಿಯಾಗಿದ್ರೆ ಅಣ್ಣನ ಜೊತೆ ಹೋಗ್ತಾಳೆ, ಮತ್ತೆ ಈ ಹೊಸ್ತಿಲು ತುಳಿಯಲ್ಲ. ಮಗು ಇಲ್ಲೇ ಇರುತ್ತೆ. ಸುಳ್ಳು ಹೇಳೋಳ ಕೈಲಿ ನನ್ನ ತಮ್ಮನಿಗೆ ಗಂಜಿ ಕುಡಿಸಲ್ಲ."

ಆಗಷ್ಟೇ ಬಾಗಿಲ ಪಕ್ಕ ನಿಂತಿದ್ದ ಶಿವಲಕ್ಷ್ಮಿಯನ್ನು ನೋಡಿದೆ. ಕೈಯಲ್ಲಿ ಖಾಲಿ ಲೋಟವಿತ್ತು. ಒಳಗಿನ ಕತ್ತಲಲ್ಲಿ ಮಂಚದ ಮೇಲೆ ಯಾರೋ ನರಳಿದರು. ಅವಳು ತಕ್ಷಣ ಒಳಗೆ ಹೋದಳು.

ಕಾರು ಅಪಘಾತವಾದ ಜಾಗದಲ್ಲೇ ನಿಂತಿತ್ತು. ದೊಡ್ಡರಂಗಪ್ಪನವರನ್ನು ಬಿಡಿಸಲು ತುಸು ಹಿಂದಕ್ಕೆ ತಳ್ಳಿದ್ದು ಬಿಟ್ಟರೆ ಅಷ್ಟು ದಿನ ಅದನ್ನು ಯಾರೂ ಮುಟ್ಟಿರಲಿಲ್ಲ. ಬಂಪರು ಸೀಳಿತ್ತು, ಒಂದು ದೀಪ ಒಡೆದಿತ್ತು. ಚಕ್ರದ ಹಿಂದೆ ನಿಂಬೆಹಣ್ಣಿನ ಸಿಪ್ಪೆ ಒಣಗಿ ನೆಲಕ್ಕೂ ಟೈರಿಗೂ ಅಂಟಿತ್ತು. ಬಿಳಿ ಬಾನೆಟ್ಟಿನ ಮೇಲೆ ಅರಿಸಿನದ ಅಂಗೈ ಗುರುತಿತ್ತು. ಹೆಬ್ಬೆರಳು ಸ್ಪಷ್ಟವಾಗಿತ್ತು. ಉಳಿದ ನಾಲ್ಕು ಬೆರಳುಗಳು ಗಾಜಿನ ಕಡೆಗೆ ಉದ್ದಕ್ಕೆ ಎಳೆದುಕೊಂಡು ಹೋಗಿದ್ದವು. ಬಾನೆಟ್ಟು ಎತ್ತುವಾಗ ಆ ಗುರುತಿಗೆ ಕೈ ತಾಗದಂತೆ ಬದಿಯಲ್ಲಿ ಹಿಡಿದೆ.

ಗೇರನ್ನು ಎನ್-ಗೆ ತಂದು, ನೋಡಲು ನೆರೆದಿದ್ದ ಅಕ್ಕಪಕ್ಕದವರೂ ಸೇರಿ ನಾಲ್ಕು ಜನ ಗಾಡಿಯನ್ನು ಹಿಂದಕ್ಕೆ ತಳ್ಳಿದೆವು. ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದೆ. ಸ್ವಿಚ್ಚು ಗೇರ್ ಬಾಕ್ಸಿನ ಮೈಗೇ ಕೂತಿರುತ್ತದೆ. ಗೇರಿನ ಕಡ್ಡಿ ತಿರುಗಿದಂತೆ ಅದರೊಳಗಿನ ಹಿತ್ತಾಳೆಯ ನಾಲಿಗೆಯೂ ತಿರುಗುತ್ತದೆ. ಅದರ ಪ್ಲಗ್ಗು ಕಿತ್ತು, ಮೀಟರಿನ ಎರಡು ಮೊನೆಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿ ನೋಡಿದೆ. ಮೀಟರಿನದೇ ತಪ್ಪು ಎಷ್ಟೆಂದು ಗೊತ್ತಿರಬೇಕು. ಸೊನ್ನೆ ಬಿಂದು ಎರಡು ಓಮ್. ಬರೆದುಕೊಂಡೆ. ಆಮೇಲೆ ಮೊನೆಗಳನ್ನು ಸ್ವಿಚ್ಚಿನ ಪಿನ್ನುಗಳಿಗೆ ಹಿಡಿದು, ಒಳಗೆ ಕೂತಿದ್ದ ಶಶಿಧರನಿಗೆ ಕೂಗಿದೆ.

"ಪಿ-ಗೆ ಹಾಕ್ರಿ."

ಮೀಟರು ಕೀಂ ಎಂದಿತು. ಕರೆಂಟು ಹಾಯುತ್ತದೆ ಎಂದರ್ಥ.

"ಆರ್."

ಸದ್ದಿಲ್ಲ.

"ಎನ್."

ಕೀಂ.

"ಡಿ."

ಸದ್ದಿಲ್ಲ. ಅಂಗಳದಲ್ಲಿ ನಿಂತಿದ್ದವರ ಕಾಲುಗಳು ಮಾತ್ರ ನನಗೆ ಕಾಣುತ್ತಿದ್ದವು. ಅವೂ ಅಲ್ಲಾಡಲಿಲ್ಲ. ಮೂರು ಸಲ ಮಾಡಿದೆ. ವೈರು ಅಲ್ಲಾಡಿಸಿ ಒಂದು ಸಲ, ಸ್ವಿಚ್ಚಿನ ಮೈ ತಟ್ಟಿ ಒಂದು ಸಲ. ಪ್ರತಿ ಸಲವೂ ಅದೇ ಅಂಕಿ ಬಂತು. ಅದು ಒಳ್ಳೆಯ ಸ್ವಿಚ್ಚು. ಗೇರ್ ಬಾಕ್ಸಿನ ಮೈಗೆಲ್ಲ ಹಳೆಯ ಎಣ್ಣೆ, ಮಣ್ಣು ಗಟ್ಟಿಯಾಗಿತ್ತು. ಸ್ವಿಚ್ಚು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಯಾವಾಗಲೋ ಬದಲಿಸಿದ್ದಾರೆ ಎಂದು ಅದನ್ನೂ ಬರೆದುಕೊಂಡೆ. ಯಾಕೆ ಬದಲಿಸಿದರು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ಕೆಳಗಿನಿಂದ ಎದ್ದು ಬಂದಾಗ ಎಲ್ಲರ ಮುಖ ನನ್ನ ಕಡೆಗಿತ್ತು.

"ಏನಂತೈತೆ ನಿನ್ನ ಮೀಟ್ರು?" ಎಂದರು ದೊಡ್ಡಕ್ಕ.

"ಸ್ವಿಚ್ ಸರಿ ಐತ್ರಿ," ಎಂದೆ.

ಅಷ್ಟೇ ಮಾತು. ಅಳೆದದ್ದನ್ನು ಅಳೆದ ಹಾಗೇ ಹೇಳಿದ್ದೆ. ದೊಡ್ಡಕ್ಕ ಬ್ಯಾಗನ್ನು ಜಗಲಿಯ ಅಂಚಿಗೆ ಒಂದು ಗೇಣು ಸರಿಸಿದರು. ಶಶಿಧರ್ ಕಾರಿನಿಂದಿಳಿದು ಹಿತ್ತಿಲ ಕಡೆಗೆ ನಡೆದ. ಆ ಗಳಿಗೆಯಲ್ಲಿ ಯಾರೊಬ್ಬರೂ ಶಿವಲಕ್ಷ್ಮಿಯ ಮುಖ ನೋಡಲಿಲ್ಲ. ನಾನೂ ಮೀಟರಿನ ವೈರು ಸುತ್ತುತ್ತಿದ್ದೆ.

ಅವಳೇ ಹತ್ತಿರ ಬಂದಳು. ದನಿ ಎತ್ತರವಿರಲಿಲ್ಲ.

"ಮೇಷ್ಟ್ರೇ, ನೀವು ಸ್ವಿಚ್ಚನ್ನ ಗಾಡಿಯಿಂದ ಬಿಡಿಸಿ ನೋಡಿದ್ರಿ. ನಾನು ಬಿಡಿಸಿರ್ಲಿಲ್ಲ. ಗಾಡಿ ಹೆಂಗಿತ್ತೋ ಹಂಗೇ ಕೀ ತಿರುಗಿಸಿದ್ದೆ."

"ಸುಮ್ಕಿರಮ್ಮ," ಎಂದರು ದೊಡ್ಡಕ್ಕ. "ಓದಿದೋರಿಗೆ ಪಾಠ ಹೇಳ್ಬ್ಯಾಡ."

ನನ್ನ ಕೈ ನಿಂತಿತು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು ಒಂದು ಮಾತೂ ಆಡದೆ ನನ್ನ ಸರ್ಕ್ಯೂಟಿನಲ್ಲಿ ತಪ್ಪಿದ್ದ ಜಾಗದ ಮೇಲೆ ಬೆರಳಿಟ್ಟು ಮುಂದೆ ಹೋಗಿದ್ದರು. ಹಾಗೆಯೇ ಅನ್ನಿಸಿತು. ನಾನು ಸ್ವಿಚ್ಚನ್ನು ಅಳೆದಿದ್ದೆ, ಗಾಡಿಯನ್ನು ಅಳೆದಿರಲಿಲ್ಲ.

ಪ್ಲಗ್ಗು ಇನ್ನೂ ಕಿತ್ತೇ ಇತ್ತು. ಆ ಸ್ಥಿತಿಯಲ್ಲಿ ಸ್ವಿಚ್ಚಿನ ಮೂಲಕ ಹೋಗುವ ಕರೆಂಟಿನ ದಾರಿಯೇ ಕಡಿದ ಹಾಗೆ. ಗೇರು ಎಲ್ಲೇ ಇರಲಿ, ಗಾಡಿ ಮಿಸುಕಲೂ ಬಾರದು. ಅದನ್ನೊಂದು ನೋಡಿದರೆ ಸಾಕು, ಅವಳಿಗೂ ಸಮಾಧಾನ ಎಂದುಕೊಂಡೆ.

"ಮುಂದ ಯಾರೂ ನಿಲ್ಲಬ್ಯಾಡ್ರಿ," ಎಂದು ಎಲ್ಲರನ್ನೂ ಬದಿಗೆ ಕಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ಪಿ-ಯಲ್ಲಿಟ್ಟು ಕೀ ತಿರುಗಿಸಿದೆ.

ಎಂಜಿನ್ನು ಸ್ಟಾರ್ಟ್ ಆಯಿತು.

ಕೂಡಲೇ ಆಫ್ ಮಾಡಿದೆ. ಕಾವಲುಗಾರನನ್ನೇ ಹೊರಗೆ ಹಾಕಿದ್ದರೂ ಬಾಗಿಲು ತೆರೆದಿತ್ತು. ಎಂದರೆ ಕರೆಂಟಿಗೆ ಇನ್ನೊಂದು ದಾರಿ ಇದೆ. ಯಾರೋ ಮಾಡಿಕೊಟ್ಟ ದಾರಿ. ಟಾರ್ಚು ಹಿಡಿದು, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದೆ.

"ಅಲ್ಲೇನು ನೋಡ್ತೀರಾ ಸಾರ್?" ಹಿತ್ತಿಲಿನಿಂದ ಓಡಿಬಂದ ಶಶಿಧರನ ದನಿ ಹಿಂದಿನಿಂದ ಕೇಳಿಸಿತು. "ಅಲ್ಲಿ ದಾರ ಐತೆ, ಮುಟ್ಟಬ್ಯಾಡಿ. ಹಳೇ ಓನರ್ ಕಟ್ಟಿಸಿರೋ ರಕ್ಷೆ. ಗಾಡಿ ಕ್ಲೀನ್ ಮಾಡುವಾಗ ಸಿಕ್ತು. ಗುಡೀಲಿ ಪೂಜೆ ಮಾಡ್ಸುವಾಗ ಅದಕ್ಕೂ ಕುಂಕುಮ ಇಟ್ಟಿವ್ನಿ."

ಟಾರ್ಚಿನ ಬೆಳಕಿನಲ್ಲಿ ಅದು ಕಾಣಿಸಿತು. ಗೇಣುದ್ದದ ಒಂದು ಹಸಿರು ವೈರು ಎರಡು ಬೇರೆ ವೈರುಗಳನ್ನು ಸೇತುವೆಯ ಹಾಗೆ ಕೂಡಿಸಿತ್ತು. ಎರಡೂ ತುದಿಗೆ ಬೆಸುಗೆ, ಬೆಸುಗೆಯ ಮೇಲೆ ಬಟ್ಟೆಯ ಟೇಪು. ನಡುವೆ ಮೂರು ಸುತ್ತು ಕೆಂಪು ದಾರ, ಎರಡು ಗಂಟು. ದೂಳು ಕೂತು ದಾರ ಕಂದು ಬಣ್ಣಕ್ಕೆ ತಿರುಗಿತ್ತು. ಗಂಟಿನ ಮೇಲೆ ಕುಂಕುಮದ ಬೊಟ್ಟು.

ಆ ಗಂಟು ನನಗೆ ಗೊತ್ತು.

ಕಾಲೇಜಿನ ಲ್ಯಾಬಿನಲ್ಲಿ ಮೂಡಲಗಿರಿಯಪ್ಪ ಎಂಬ ಅಟೆಂಡರ್ ಇದ್ದ. ಕೆಟ್ಟ ಉಪಕರಣಕ್ಕೆ ಕೆಂಪು ದಾರ ಕಟ್ಟುತ್ತಿದ್ದ. ಮೂರು ಸುತ್ತು, ಎರಡು ಗಂಟು. 'ಇದನ್ನ ನಂಬಬ್ಯಾಡ್ರಿ' ಎಂದು ಅದರ ಅರ್ಥ. ಅಂಗಡಿ ಹಾಕಿದ ದಿನದಿಂದ ನಾನೂ ಅದನ್ನೇ ಪಾಲಿಸಿದ್ದೆ. ತಾತ್ಕಾಲಿಕವಾಗಿ ಏನೇ ಜೋಡಿಸಿದರೂ ಕೆಂಪು ದಾರ. ಮುಂದೆ ಬಿಚ್ಚುವವನಿಗೆ ಎಚ್ಚರಿಕೆಯಿರಲಿ ಎಂದು. ಇಂಥ ಶಿಸ್ತು ಸುತ್ತಮುತ್ತ ಯಾರಿಗೂ ಇಲ್ಲವೆಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಮೂರು ವರ್ಷದ ಹಿಂದೆ, ಕಣೇಕಲ್ಲಿನ ಕೆರೆ ಏರಿಯ ಮೇಲೆ ಒಂದು ಬೂದು ಬಣ್ಣದ ಕಾರು ನಿಂತಿತ್ತು. ಬಳ್ಳಾರಿ ನಂಬರು. ತಿಪ್ಪೇಸ್ವಾಮಿ ಎಂಬುವರು ಎದೆನೋವೆಂದು ಒರಗಿದ್ದ ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದರು. ಗೇರಿನ ಸ್ವಿಚ್ಚು ಸತ್ತಿತ್ತು. ಹತ್ತು ನಿಮಿಷದಲ್ಲಿ ಹಸಿರು ವೈರು ಹಾಕಿ ಗಾಡಿ ಹೊರಡಿಸಿದೆ. ದಾರ ಕಟ್ಟಿದೆ. ನಾಲ್ಕು ದಿನದೊಳಗೆ ಬನ್ನಿ, ಹೊಸ ಸ್ವಿಚ್ಚು ಹಾಕಿ ಇದನ್ನು ಬಿಚ್ಚುತ್ತೇನೆ ಎಂದಿದ್ದೆ. ಅವರು ಬರಲಿಲ್ಲ. ಸ್ವಿಚ್ಚನ್ನು ಬೇರೆ ಯಾರೋ ಬದಲಿಸಿದರು. ಡ್ಯಾಶ್ ಬೋರ್ಡಿನ ಕೆಳಗೆ ಅವರು ನೋಡಲಿಲ್ಲ, ಅಥವಾ ನೋಡಿ ಕೈಮುಗಿದರು. ಬ್ರೋಕರು ಬಣ್ಣ ಬದಲಿಸಿದ, ನಂಬರು ಬದಲಾಯಿತು. ಎಲ್ಲರೂ ಪಿ-ಯಲ್ಲೇ ಸ್ಟಾರ್ಟ್ ಮಾಡುತ್ತಿದ್ದರು. ಮೂರು ವರ್ಷ ಅದು ಅಲ್ಲೇ ಕೂತು, ಯಾರಾದರೂ ಡಿ-ಯಲ್ಲಿ ಕೀ ತಿರುಗಿಸುವುದನ್ನು ಕಾಯುತ್ತಿತ್ತು.

ಸ್ಟೇರಿಂಗಿನ ಕೆಳಗೆ ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ಜೇಬಿನಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಎರಡು ಕಡೆ ಕತ್ತರಿಸಿ, ವೈರನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡರೆ ಗಾಡಿ ನಿಜವಾಗಿಯೂ ಸರಿಯಾಗುತ್ತಿತ್ತು. ನಾನು ಹೇಳಿದ ಮಾತೂ ನಿಜವಾಗುತ್ತಿತ್ತು. ಹಿಂದೆ ನಿಂತವರಿಗೆ ಕಾಣುತ್ತಿದ್ದುದು ನನ್ನ ಬೆನ್ನು ಮಾತ್ರ. ಪ್ಲೇಯರಿನ ಹಿಡಿಯ ಮೇಲೆ ಕೈ ಹೋಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

"ಹಾವೇನಾದ್ರೂ ಐತೇನಪ್ಪಾ ಅಲ್ಲಿ?" ಎಂದರು ದೊಡ್ಡಕ್ಕ.

ಹೊರಗೆ ಬಂದೆ. "ಜಾಕಿ ತರ್ರಿ," ಎಂದೆ ಶಶಿಧರನಿಗೆ. "ನಾಲ್ಕು ದಪ್ಪನ್ನ ಕಲ್ಲೂ ತರ್ರಿ. ನನ್ನ ಮಾತು ತಪ್ಪೈತಿ. ಮತ್ತ ನೋಡ್ಬೇಕು."

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಮುಂದಿನ ಎರಡೂ ಚಕ್ರ ನೆಲ ಬಿಡುವವರೆಗೆ ಎತ್ತಿ, ಕೆಳಗೆ ಕಲ್ಲು ಜೋಡಿಸಿದೆವು. ಕಿತ್ತ ಪ್ಲಗ್ಗನ್ನು ಮತ್ತೆ ಸ್ವಿಚ್ಚಿಗೆ ಸಿಕ್ಕಿಸಿದೆ. ಈಗ ಗಾಡಿ ಆ ದಿನ ಹೇಗಿತ್ತೋ ಹಾಗೇ ಇತ್ತು. ಗೇರು ಡಿ-ಯಲ್ಲಿರುವುದನ್ನು ದೊಡ್ಡಕ್ಕನನ್ನು ಕರೆದು ತೋರಿಸಿದೆ. ಅವರು ಕಿಟಕಿಯಿಂದ ಬಗ್ಗಿ, ಓದಲು ಬಾರದಿದ್ದರೂ ಆ ಅಕ್ಷರವನ್ನು ದಿಟ್ಟಿಸಿದರು. ಆಮೇಲೆ ಕೊಟ್ಟಿಗೆಯ ಪಕ್ಕಕ್ಕೆ ಹೋಗಿ ನಿಂತರು.

ಕೀ ತಿರುಗಿಸಿದೆ.

ಎಂಜಿನ್ನು ಗುಟುರು ಹಾಕಿ ಎದ್ದಿತು. ಗಾಳಿಯಲ್ಲಿ ನೇತಾಡುತ್ತಿದ್ದ ಚಕ್ರಗಳು ಅದೇ ಉಸಿರಿಗೆ ಗಿರ್ರನೆ ಸುತ್ತಿದವು. ಟೈರಿಗೆ ಅಂಟಿದ್ದ ನಿಂಬೆಯ ಸಿಪ್ಪೆ ಕಲ್ಲುಕಂಬಕ್ಕೆ ಹೋಗಿ ಬಡಿಯಿತು. ಮನೆಯೊಳಗಿಂದ ದೊಡ್ಡರಂಗಪ್ಪ ಕಿರುಚಿದರು. "ಹಿಡೀರೋ! ಹೋರಿ ಹಾಯ್ತಾ ಐತೆ, ಹಿಡೀರೋ!"

ಆಫ್ ಮಾಡಿದೆ. ಚಕ್ರಗಳು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಶಿವಲಕ್ಷ್ಮಿ ಅದನ್ನು ನೋಡಲು ನಿಂತಿರಲಿಲ್ಲ. ಮಾವನ ಬಳಿಗೆ ಓಡಿದ್ದಳು. "ಇಲ್ಲ ಮಾವಯ್ಯ, ಗಾಡಿ ಕಟ್ಟಾಕವ್ರೆ, ಏನೂ ಇಲ್ಲ," ಎಂದು ಅವಳು ಹೇಳುತ್ತಿದ್ದುದು ಅಂಗಳಕ್ಕೆ ಕೇಳುತ್ತಿತ್ತು.

"ಆಕಿ ಹೇಳಿದ್ದು ಖರೇ ಐತ್ರಿ," ಎಂದೆ. "ಆ ದಾರ ರಕ್ಷೆ ಅಲ್ಲ. ಸ್ವಿಚ್ಚಿನ ಕಣ್ಣು ಕಟ್ಟಿರೋ ವೈರಿನ ಗುರ್ತು. ಕಟ್ಟಿದಾಂವ ನಾನ."

ಶಶಿಧರ್ ನನ್ನ ಅಂಗಿಯ ಕತ್ತಿನ ಪಟ್ಟಿ ಹಿಡಿದ. ಹೊಡೆಯುತ್ತಾನೆ ಎಂದುಕೊಂಡೆ. "ಕುಂಕುಮ ಇಟ್ಟಿದ್ದೆನಲ್ಲೋ ಅದಕ್ಕೆ," ಎಂದ. "ಕೈ ಮುಗಿದಿದ್ದೆನಲ್ಲೋ." ಪಟ್ಟಿ ಬಿಟ್ಟು, ಆ ಕೈಯನ್ನು ತನ್ನ ಪಂಚೆಗೆ ಒರೆಸಿಕೊಂಡ.

ಹರೀಶ ಬೈಕಿನಲ್ಲಿ ಬಂದಾಗ ಬಿಸಿಲು ಇಳಿದಿತ್ತು. ದೊಡ್ಡಕ್ಕ ಆಡಿದ ಮಾತಿಗೆ ತಪ್ಪಲಿಲ್ಲ. ಜಗಲಿಯಿಂದ ಇಳಿದು, ಎಲ್ಲರೆದುರಿಗೆ ಶಿವಲಕ್ಷ್ಮಿಯ ಎರಡೂ ಕೈ ಹಿಡಿದು, "ತಪ್ಪಾಯ್ತು ಕಣಮ್ಮ. ಬ್ಯಾಗು ಒಳಗಿಡು," ಎಂದರು.

ಶಿವಲಕ್ಷ್ಮಿ ಕೈ ಬಿಡಿಸಿಕೊಳ್ಳಲಿಲ್ಲ, ಬ್ಯಾಗನ್ನೂ ಒಳಗಿಡಲಿಲ್ಲ. "ಮೀಟ್ರು ಸರಿ ಅಂದಾಗ ನೀವ್ಯಾರೂ ನನ್ನ ಮುಖ ನೋಡ್ಲಿಲ್ಲ ದೊಡ್ಡಕ್ಕ. ಇವತ್ತು ಈ ಮನೇಲಿ ಉಣ್ಣಲ್ಲ. ಮಗೂನ ಕರ್ಕೊಂಡು ಹೋಗ್ತೀನಿ. ನಾಳೆ ಮಾವಯ್ಯನ ಗಂಜಿ ಹೊತ್ತಿಗೆ ಬತ್ತೀನಿ."

ದೊಡ್ಡಕ್ಕ ಕೈ ಬಿಟ್ಟು ಬದಿಗೆ ಸರಿದರು. ಯಾರೂ ಅಡ್ಡ ಬರಲಿಲ್ಲ.

ನಾನು ಅಷ್ಟರಲ್ಲಿ ವೈರನ್ನು ಕತ್ತರಿಸಿ ತೆಗೆದಿದ್ದೆ. ಡಿ-ಯಲ್ಲಿ ಮೂರು ಸಲ ಕೀ ತಿರುಗಿಸಿ ನೋಡಿದ್ದೆ. ಮೂರು ಸಲವೂ ಗಾಡಿ ಹೆಣದ ಹಾಗೆ ಸುಮ್ಮನಿತ್ತು. ಬೈಕು ಹತ್ತುವ ಮೊದಲು ಶಿವಲಕ್ಷ್ಮಿ ನನ್ನ ಅಂಗೈಯಿಂದ ಆ ವೈರಿನ ತುಂಡನ್ನು ಎತ್ತಿಕೊಂಡಳು. ಬೆರಳಿನಿಂದ ಗಂಟನ್ನು ಸವರಿ ನೋಡಿದಳು.

"ಇಂಥವು ಇನ್ನೆಷ್ಟು ಕಟ್ಟಿದ್ದೀರಾ?"

ಅವಳು ತುಂಡನ್ನು ಅಲ್ಲೇ, ಅಂಗೈ ಗುರುತಿನ ಪಕ್ಕದಲ್ಲಿ, ಬಾನೆಟ್ಟಿನ ಮೇಲಿಟ್ಟು ಹೊರಟುಹೋದಳು.

ಮರುದಿನ ಅಂಗಡಿಯಲ್ಲಿ ಹಳೆಯ ನೋಟ್ ಪುಸ್ತಕಗಳನ್ನು ಇಳಿಸಿದೆ. ಮಾಡಿದ ಕೆಲಸವನ್ನೆಲ್ಲ ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. 'ತಾತ್ಕಾಲಿಕ' ಎಂದು ಬರೆದು, ಮುಂದೆ 'ಬಿಚ್ಚಿದೆ' ಎಂದು ಬರೆಯದೇ ಉಳಿದವು ಹದಿನಾಲ್ಕು. ಕಣೇಕಲ್ಲಿನದು ಬಿಟ್ಟರೆ ಹದಿಮೂರು. ಮೊದಲನೆಯದು ಡಿ. ಹಿರೇಹಾಳು ಎಂಬ ಊರಿನ ಅನ್ನದಾನಮ್ಮ ಎಂಬುವರ ಟ್ರ್ಯಾಕ್ಟರು. ಕ್ಲಚ್ ಒತ್ತದೆ ಸ್ಟಾರ್ಟ್ ಆಗಬಾರದೆಂದು ಅದರಲ್ಲೂ ಒಂದು ಸ್ವಿಚ್ಚಿರುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಅದು ಕೈಕೊಟ್ಟಾಗ ನಾನೇ ಹೋಗಿ ವೈರು ಕೂಡಿಸಿ ಬಂದಿದ್ದೆ.

ಫೋನು ಎರಡನೇ ಸಲಕ್ಕೆ ಸಿಕ್ಕಿತು.

"ಆ ಟ್ಯಾಕ್ಟ್ರಾ? ಅದನ್ನ ಮಾರಿ ವರ್ಷ ಆತಲ್ಲಪ್ಪ," ಎಂದರು ಅನ್ನದಾನಮ್ಮ.

"ಯಾರಿಗೆ ಮಾರಿದ್ರಿ?"

"ಯಾರೋ ಆ ಕಡೆಯೋರು ಬಂದು ಒಯ್ದ್ರು. ಯಾಕ?"

"ಅದ್ರಾಗ ಸೀಟಿನ ಕೆಳಗ ಒಂದು ಕೆಂಪು ದಾರ ಇತ್ತಲ್ರಿ..."

"ಹ್ಞೂಂ, ಇತ್ತು ಇತ್ತು," ಎಂದರು. ದನಿಯಲ್ಲಿ ಸಂತೋಷವಿತ್ತು. "ಅದು ಇದ್ದಷ್ಟು ದಿನ ಗಾಡಿ ಒಂದಿನಾನೂ ತ್ರಾಸು ಕೊಡ್ಲಿಲ್ಲ ನೋಡು. ಒಯ್ದೋರಿಗೂ ಹೇಳಿ ಕಳಿಸೀನಿ. ಏನಾರ ಮಾಡ್ರಿ, ಆ ದಾರ ಮಾತ್ರ ಬಿಚ್ಚಬ್ಯಾಡ್ರಿ ಅಂತ."